ಲಂಗರು ಬಿದ್ದ ಜಾಗ

ಕಡಲ ನಡುವೆ ಒಂದು ಸಣ್ಣ ದ್ವೀಪ. ಅಲ್ಲೊಂದು ಆಶ್ರಮ, ಒಬ್ಬ ಗುರುಗಳು, ಇಬ್ಬರು ಶಿಷ್ಯರು.

ಒಬ್ಬ ವಾದಿರಾಜ. ದಿನಾ ಸಂಜೆ ಕ್ಯಾಮೆರಾ ಮುಂದೆ ಕೂತು ಪ್ರವಚನ ಮಾಡುತ್ತಿದ್ದ. ದೇಶವಿದೇಶದವರು ಕೇಳುತ್ತಿದ್ದರು.

ಇನ್ನೊಬ್ಬ ಪುರಂದರ. ಇವನಿಗೆ ದಡ ಕಾಯುವ ಕೆಲಸ.

ದಡದಲ್ಲಿ ಕಾಯುವುದೇನು ಅಂತ ಕೇಳಬಹುದು. ದ್ವೀಪಕ್ಕೆ ಇಂಟರ್‌ನೆಟ್ ತರುವ ಒಂದೇ ಒಂದು ಕೇಬಲ್ಲು ಅಲ್ಲಿ ನೀರಿನ ತಳದಲ್ಲಿ ಮಲಗಿತ್ತು. ಅದರ ಮೇಲೆ ಯಾರೂ ಲಂಗರು ಹಾಕಬಾರದು. ದೋಣಿ ಹತ್ತಿರ ಬಂದರೆ ಪುರಂದರ ಎದ್ದು ಕೆಂಪು ಬಟ್ಟೆ ಬೀಸಬೇಕು. ಬಟ್ಟೆ ಏಳದಿದ್ದರೆ ಜಾಗ ಸರಿ ಇದೆ ಅಂತಲೇ ದೋಣಿಯವರ ನಂಬಿಕೆ.

ಪುರಂದರನ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಏನು? ಬಿಸಿಲಲ್ಲಿ ಒಣಗುವವನು ಇವನು, ಜೈಕಾರ ಹಾಕಿಸಿಕೊಳ್ಳುವವನು ಅವನು.

"ಗುರುಗಳೇ, ನನಗೂ ಮಾತಾಡಲಿಕ್ಕೆ ಬರ್ತದೆ," ಅಂದ ಒಂದು ದಿನ.

"ಗೊತ್ತು."

"ಮತ್ತೆ ಅವನೇ ಯಾಕೆ?"

"ಕಡಲ ಕಡೆ ನೋಡು. ದೋಣಿ ಬರ್ತಾ ಉಂಟು."

ಇದೂ ಒಂದು ಉತ್ತರವಾ? ಪುರಂದರ ಬಟ್ಟೆ ಬೀಸಿ ದೋಣಿಯನ್ನು ಆಚೆ ಕಳಿಸಿದ. ಒಳಗಿನ ಉರಿ ಮಾತ್ರ ಆರಲಿಲ್ಲ.

ಅದೇ ಸಂಜೆ ಕೋಟ್ಯಪ್ಪನ ದೊಡ್ಡ ಬೋಟು ಬಂತು. ಗಾಳಿ ಜೋರಿತ್ತು. ಕೋಟ್ಯಪ್ಪ ಲಂಗರಿಗೆ ಕೈಯಿಟ್ಟು ದಡದತ್ತ ನೋಡಿದ.

ಆಶ್ರಮದಲ್ಲಿ ಪ್ರವಚನ ನಡೆದಿತ್ತು. ಎಲ್ಲಿಯವರೋ ಏನೋ, ವಾದಿರಾಜನಿಗೆ ಜೈಕಾರ ಹಾಕುತ್ತಿದ್ದುದು ಸ್ಪೀಕರಿನಲ್ಲಿ ದಡದವರೆಗೆ ಕೇಳಿಸುತ್ತಿತ್ತು. ಪುರಂದರ ಬಟ್ಟೆಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ.

ಲಂಗರು ಬಿತ್ತು. ಗಾಳಿ ಬೋಟನ್ನು ದೂಡಿತು, ಬೋಟು ಲಂಗರನ್ನು ತಳದುದ್ದಕ್ಕೂ ಎಳೆಯಿತು.

ಜೈಕಾರ ತಟ್ಟನೆ ನಿಂತುಹೋಯಿತು. ಪುರಂದರನಿಗೆ ಹಾಯೆನಿಸಿತು. ಸುಳ್ಳು ಯಾಕೆ ಹೇಳಲಿ, ಬಹಳ ಹಾಯೆನಿಸಿತು.

ಬೆಳಿಗ್ಗೆ ದ್ವೀಪದ ನರ್ಸ್ ಐರಿನ್ ಓಡಿ ಬಂದಳು.

"ಸ್ವಾಮಿ, ನೆಟ್ ಯಾವಾಗ ಬರ್ತದೆ? ಆಸ್ಪತ್ರೆಗೆ ಬಂದ ಮಗುವಿನ ಎಕ್ಸ್‌ರೇ ಪೇಟೆಯ ಡಾಕ್ಟರಿಗೆ ಕಳಿಸಬೇಕಿತ್ತು."

"ಕೇಬಲ್ಲು ತುಂಡಾಗಿದೆಯಮ್ಮಾ. ರಿಪೇರಿ ಹಡಗು ಬರಬೇಕು, ಈ ತಿಂಗಳಂತೂ ಆಗೋದಿಲ್ಲ. ಮಗುವನ್ನು ಕೋಟ್ಯಪ್ಪನ ಬೋಟಿನಲ್ಲಿ ಕರ್ಕೊಂಡು ಹೋಗು," ಅಂದರು ಗುರುಗಳು.

"ಈ ಗಾಳಿಯಲ್ಲಾ?"

"ಬೇರೆ ದಾರಿ ಉಂಟಾ?"

ಐರಿನ್ ಬೋಟಿನ ಕಡೆ ಓಡಿದಳು. ಪುರಂದರ ತಲೆ ಎತ್ತಲಿಲ್ಲ.

ಆಗ ವಾದಿರಾಜ ಬಂದು ಅವನ ಕೈಗೆ ಮೈಕು ಕೊಟ್ಟ.

"ಇವತ್ತಿಂದ ನೀನೇ ಮಾತಾಡೋದು ಮಾರಾಯ. ದಡ ನಾನು ನೋಡ್ಕೊಳ್ತೇನೆ. ಎಷ್ಟು ಸಮಯದಿಂದ ಗುರುಗಳ ಹಿಂದೆ ಬಿದ್ದಿದ್ದೆ, ಪುರಂದರನನ್ನು ಕೂರಿಸಿ ಅಂತ. ನಿನ್ನೆ ಮಧ್ಯಾಹ್ನ ಒಪ್ಪಿದರು."

ಹಾಗೆಂದು ಅವನು ದಡಕ್ಕೆ ನಡೆದ.

ಸಂಜೆಯಾಯಿತು. ಗುರುಗಳು ಪುರಂದರನನ್ನು ಕ್ಯಾಮೆರಾ ಮುಂದೆ ಕೂರಿಸಿದರು. ಪರದೆಯಲ್ಲಿ ಒಂದು ಮುಖವೂ ಇರಲಿಲ್ಲ. ಪುರಂದರ ಮೈಕನ್ನು ಕೆಳಗಿಟ್ಟ.

"ಗುರುಗಳೇ, ನಿನ್ನೆ ನಾನು ಬಟ್ಟೆ ಬೀಸಲಿಲ್ಲ. ಬೇಕಂತಲೇ ಬೀಸಲಿಲ್ಲ."

"ಗೊತ್ತು."

"ಗೊತ್ತಿದ್ದೂ ಕೂರಿಸಿದಿರಾ?"

"ಕೊಟ್ಟ ಮಾತು ಕೊಟ್ಟದ್ದೇ. ಶುರುಮಾಡು."

"ಯಾರು ಕೇಳ್ತಾರೆ ಗುರುಗಳೇ?"

ಗುರುಗಳು ಎದುರಿನ ಚಾಪೆಯಲ್ಲಿ ಕೂತರು.

"ನಿನ್ನೆ ಬಟ್ಟೆ ಅಡಗಿಸಿ ನೀನು ಎಷ್ಟು ಜನ ಕೇಳುಗರನ್ನು ಉಳಿಸಿಕೊಂಡೆಯೋ, ಅಷ್ಟು ಜನ."