ದವಾಖಾನೆಗೆ ಹೋದ ಹೊಸ್ತಿಲು

ಶಿವನ ಲೀಲೆ ದೊಡ್ಡದು. ಕಾಲು ಕೊಟ್ಟವನಿಗೆ ಬುದ್ಧಿ ಕೊಡಲಿಲ್ಲ, ಬುದ್ಧಿ ಕೊಟ್ಟವಳಿಗೆ ಕಾಲು ಕೊಡಲಿಲ್ಲ, ಇಬ್ಬರನ್ನೂ ತಂದು ಒಂದೇ ಸೂರಿನ ಕೆಳಗೆ ಇಟ್ಟ. ಕಡ್ಲಿಕೊಪ್ಪದ ಫಕೀರವ್ವ ಮತ್ತು ಆಕೆಯ ಮಗ ಅಡಿವೆಪ್ಪ, ಇವರಿಬ್ಬರ ಕತೆ ಇದು. ನಗು ಬಂದರೆ ನಗಿರಿ. ಕಡೆಗೆ ಕೈ ಮುಗಿಯಬೇಕು ಅನ್ನಿಸಿದರೆ ಅದನ್ನೂ ತಡೆಯಬೇಡಿರಿ.

ಫಕೀರವ್ವನಿಗೆ ಆರನೆಯ ವರ್ಷದಲ್ಲಿ ಜ್ವರ ಬಂದು ಎರಡೂ ಕಾಲು ಬತ್ತಿದ್ದವು. ಗೋಣಿತಟ್ಟಿನ ಮೇಲೆ ಕೂತು, ಅಂಗೈ ಊರಿ, ಮೈಯನ್ನು ಎಳೆದುಕೊಂಡೇ ಬಾಳು ಸಾಗಿಸಿದಳು. ಗಂಡ ತೀರಿದ ಮೇಲೆ ಸರಕಾರದ ಅಂಗವಿಕಲರ ಪಗಾರವೇ ಮನೆಗೆ ಆಧಾರ. ಮಗನೋ, ಎರಡು ಚೀಲ ಜೋಳ ಒಟ್ಟಿಗೆ ಹೊರುವ ಆಳು, ಆದರೆ ಹೊತ್ತ ಚೀಲ ಇಳಿಸು ಎಂದು ಹೇಳುವ ತನಕ ಇಳಿಸುವವನಲ್ಲ. ಒಮ್ಮೆ ಸಂತೆಯಲ್ಲಿ ಹೇಳುವವರು ಮರೆತು ಮನೆಗೆ ಹೋದರು. ಅಡಿವೆಪ್ಪ ಹೊತ್ತು ಮುಳುಗುವ ತನಕ ಚೀಲ ಹೊತ್ತುಕೊಂಡೇ ನಿಂತಿದ್ದ!

"ನಾ ಕಣ್ಣ ಮುಚ್ಚಿದರ ಇವನ ಗತಿ ಏನು ಶಿವನೇ?" ಎಂದು ಫಕೀರವ್ವ ದಿನಾ ಹೊಸ್ತಿಲಿಗೆ ಕುಂಕುಮ ಹಚ್ಚುವಾಗ ಕೇಳುವಳು.

ಹೀಗಿರಲಾಗಿ ಒಂದು ದಿನ ಟಪಾಲಿನವನು ಒಂದು ಕಾಗದ ತಂದ, ತಾನೇ ಓದಿ ಹೇಳಿದ. "ಯವ್ವಾ, ನಿನ್ನ ಕಾಲು ಮತ್ತೊಮ್ಮೆ ಪರೀಕ್ಷಾ ಆಗಬೇಕಂತ. ಈ ಕಾಗದ ಕಚೇರಿಗೆ ಮುಟ್ಟಿಸಿ ತಾರೀಖು ತಗೋಬೇಕಂತ. ಇಲ್ಲಂದ್ರ ಹೆಸರು ತಗದು ಹಾಕ್ತಾರಂತ."

ಫಕೀರವ್ವ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಮಗನನ್ನು ಕರೆದಳು. "ಅಡಿವೆಪ್ಪಾ, ಇದನ್ನ ಕಚೇರಿಗೆ ಒಯ್ಯಿ. ಜೀವಾ ಹೋದರೂ ಕೈ ಬಿಡಬ್ಯಾಡ, ತಿಳೀತಿಲ್ಲೋ?"

"ತಿಳೀತಬೇ!"

ಕಚೇರಿ ಇದ್ದದ್ದು ಎರಡು ಮೈಲು ಆಚೆ, ತಾಲೂಕಿನ ಊರಿನಲ್ಲಿ. ಅಡಿವೆಪ್ಪ ಹೋದ, ಪಾಳಿ ಹಚ್ಚಿದ, ಕಿಟಕಿಯ ಮುಂದೆ ನಿಂತ. ಒಳಗಿನ ಗುಮಾಸ್ತ ಕೈ ಚಾಚಿ, "ಕಾಗದ ಕೊಡು" ಅಂದ.

"ಕೊಡಂಗಿಲ್ರೀ. ಜೀವಾ ಹೋದರೂ ಬಿಡಂಗಿಲ್ಲ."

"ಕೊಡದಿದ್ದರ ಓದೂದು ಹೆಂಗೋ?"

"ಅದು ನಿಮ್ಮ ಕಷ್ಟರೀ ಸಾಹೇಬ್ರ!"

ಗುಮಾಸ್ತ ತುದಿ ಹಿಡಿದು ಜಗ್ಗಿದ. ಅಡಿವೆಪ್ಪ ಇತ್ತ ಜಗ್ಗಿದ. ಎರಡು ಚೀಲ ಹೊರುವವನ ಮುಂದೆ ಗುಮಾಸ್ತನ ಬಲ ಎಷ್ಟರದು? ಅರ್ಧ ದೇಹ ಕಿಟಕಿಯಿಂದ ಹೊರಗೆ ಬಂತು! ಕಾಗದ ಮಾತ್ರ ಮಡಿಕೆ ಮಾಸದೆ ಮನೆಗೆ ಮರಳಿತು.

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. "ಎಲೋ ಹುಚ್ಚಪ್ಯಾಲಿ! ಕಿಟಕ್ಯಾಗಿಂದ ಯಾರು ಕೈ ಚಾಚ್ತಾರ, ಅವರಿಗೆ ಕೊಡಬೇಕಪ್ಪಾ!"

"ಮೊದಲ ಹೇಳಬಾರದೇನಬೇ? ನಾಳೆ ಹಂಗ ಮಾಡ್ತೀನಿ."

ಮರುದಿನ ಹೊರಟ. ಊರ ಮುಂದಿನ ನಿಲ್ದಾಣದಲ್ಲಿ ಒಂದು ಬಸ್ಸು ನಿಂತಿತ್ತು. ಕಿಟಕಿಯಿಂದ ಒಬ್ಬ ಹೆಣ್ಣುಮಗಳು ಹುರಿದ ಶೇಂಗಾ ಕೊಳ್ಳಲು ಕೈ ಚಾಚಿದ್ದಳು. ಅಡಿವೆಪ್ಪ ಸೀದಾ ಹೋದ, ಕಾಗದವನ್ನು ಆ ಕೈಯಲ್ಲಿಟ್ಟ, ನಮಸ್ಕಾರ ಮಾಡಿದ. ಬಸ್ಸು ಹೋಯಿತು. ಅಡಿವೆಪ್ಪನೂ ಕೆಲಸ ಮುಗಿಯಿತೆಂದು ಮನೆಗೆ ಬಂದ.

ಆ ರಾತ್ರಿ ಫಕೀರವ್ವ ಉಣ್ಣಲಿಲ್ಲ. ದೇವರು ದೊಡ್ಡವನು, ಆ ಹೆಣ್ಣುಮಗಳು ಓದು ಬಲ್ಲವಳು. ಊರು ಹೆಸರು ನೋಡಿ, ಮರುಬಸ್ಸಿನ ಕಂಡಕ್ಟರನ ಕೈಯಲ್ಲಿ ಕಾಗದ ತಿರುಗಿ ಕಳಿಸಿದ್ದಳು. ಜೊತೆಗೆ ಒಂದು ಪೊಟ್ಟಣ ಶೇಂಗಾ.

"ಎಂಥಾ ಮಬ್ಬನ್ನ ಹಡದ್ನೆವ್ವಾ! ಕೊಡೂಕಿಂತ ಮೊದಲ ಹೆಸರೇನು, ಊರೇನು, ಕೆಲಸೇನು ಅಂತ ಕೇಳಬೇಕಪ್ಪಾ!"

"ಕೇಳ್ತೀನಿ ತಗೋ!"

ಮೂರನೆಯ ದಿನ ಕೇಳಿಯೇ ಕೇಳಿದ. ಕಚೇರಿಯಲ್ಲಿ ಗುಮಾಸ್ತ ಇವನನ್ನು ನೋಡಿದವನೇ ಹಿಂದಕ್ಕೆ ಸರಿದು ಕೂತ. ಅಡಿವೆಪ್ಪ ಕಿಟಕಿಯೊಳಗೆ ಮುಖ ತೂರಿಸಿ, "ನಿಮ್ಮ ಹೆಸರೇನು?" ಅಂದ. ಹೇಳಿದ. "ಊರೇನು?" ಹೇಳಿದ. "ಕೆಲಸೇನು?"

"ಕಣ್ಣಿಗೆ ಕಾಣೂದಿಲ್ಲೇನಲೇ, ನಾ ಇಲ್ಲಿ ಕುಂತೀನಲ್ಲಾ!"

"ಕುಂದ್ರೂದು ಒಂದು ಕೆಲಸೇನ್ರೀ?"

ಪಾಳಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಗುಮಾಸ್ತನ ಮುಖ ಕೆಂಪಾಯಿತು. ಇವನನ್ನು ಸಾಗಹಾಕಿದರೆ ಸಾಕೆಂದು ಕಾಗದ ಕಸಿದು, ಸಿಕ್ಕೆ ಒತ್ತಿ, "ಸೋಮವಾರ ಹತ್ತಕ್ಕ ನಿಮ್ಮವ್ವನ್ನ ದವಾಖಾನಿಗೆ ಕರಕೊಂಡ ಬಾ" ಎಂದು ಬರೆದು ಕೊಟ್ಟ.

ಸುದ್ದಿ ಮೊದಲೇ ಊರು ಮುಟ್ಟಿತ್ತು. ಫಕೀರವ್ವ ನಾಚಿಕೆಯಿಂದ ಕುಗ್ಗಿದಳು. "ದೊಡ್ಡವರಿಗೆ ಎದುರ ಪ್ರಶ್ನಿ ಕೇಳ್ತಾರೇನೋ? ಅವರು ಏನ ಅಂತಾರ, ಹೂಂ ಅನ್ನಬೇಕು. ಹೇಳಿದ್ದನ್ನ ಹೇಳಿದಂಗ ಮಾಡಬೇಕು. ಯಾಕ, ಏನು ಅನ್ನಬಾರದು!"

"ಹೂಂ" ಅಂದ ಅಡಿವೆಪ್ಪ. ಅವತ್ತಿನಿಂದಲೇ ಶುರು ಮಾಡಿದ.

ಸೋಮವಾರ ಅವ್ವನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದ. ಡಾಕ್ಟರು ವಯಸ್ಸಾದವರು, ಕನ್ನಡಕದವರು, ಕೆಟ್ಟವರಲ್ಲ. ಆದರೆ ಹೊರಗೆ ಅರವತ್ತು ಮಂದಿ ಕಾದಿದ್ದರು. ಪಕ್ಕದಲ್ಲಿ ಒಬ್ಬಾಕೆ ಸಿಸ್ಟರು, ಆಕೆಯ ದನಿ ಗಂಟೆ ಬಾರಿಸಿದ ಹಾಗೆ.

"ಹೆಂಗದಿಯವ್ವಾ?" ಅಂದರು ಡಾಕ್ಟರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳನ್ನು ಯಾರೇ ಹೀಗೆ ಕೇಳಲಿ, ಅವರು ಒಂದೇ ಮಾತು ಆಡುವರು. ಪರರ ಮುಂದೆ ಕಷ್ಟ ಎಣಿಸಿದರೆ ಕೊಟ್ಟ ದೇವರನ್ನು ದೂರಿದಂತೆ ಎಂದು ತಾಯಿ ಕಲಿಸಿರುತ್ತಾಳೆ. ಫಕೀರವ್ವ ಸೆರಗು ಸರಿಮಾಡಿಕೊಂಡು, "ಆರಾಮ ಅದೀನ್ರೀ, ಶಿವನ ದಯಾ" ಅಂದಳು.

"ಅಡಿಗಿ ಮಾಡ್ತೀ?"

"ಮಾಡ್ತೀನ್ರೀ."

"ನೀರು?"

"ತರ್ತೀನ್ರೀ."

"ಒಬ್ಬಾಕೀನ?"

"ಶಿವ ನಡಸ್ತಾನ್ರೀ."

ಡಾಕ್ಟರು ಬರೆಯುತ್ತಾ ಹೋದರು. ಒಂದೊಂದು ಉತ್ತರಕ್ಕೂ ಪಗಾರ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಫಕೀರವ್ವನಿಗೆ ಅದು ತಿಳಿಯಿತು. ತಿಳಿದರೂ ನಾಲಿಗೆ ಬೇರೆ ಮಾತಿಗೆ ಹೊರಳಲಿಲ್ಲ. ಅರವತ್ತು ವರ್ಷ ಆಡದ ಮಾತು ಒಂದು ಗಳಿಗೆಯಲ್ಲಿ ಬರುತ್ತದೆಯೇ?

ಡಾಕ್ಟರು ಲೇಖನಿ ನಿಲ್ಲಿಸಿದರು. ಆಕೆಯ ಬತ್ತಿದ ಕಾಲು ನೋಡಿದರು, ತಾವು ಬರೆದದ್ದು ನೋಡಿದರು. ಮಗನತ್ತ ತಿರುಗಿ, "ಏನಪ್ಪಾ, ಮನಿಯಾಗ ನಿಮ್ಮವ್ವ ಇದನ್ನೆಲ್ಲಾ ಹೆಂಗ ಮಾಡ್ತಾಳ? ನನಗ ತೋರಸು ನೋಡೂಣು" ಅಂದರು.

"ಹೂಂ" ಅಂದ ಅಡಿವೆಪ್ಪ. ಹೊರಗೆ ನಡೆದೇಬಿಟ್ಟ.

ಹೋದವನು ಹತ್ತು ನಿಮಿಷಕ್ಕೂ ಬರಲಿಲ್ಲ, ತಾಸಿಗೂ ಬರಲಿಲ್ಲ. ಸಿಸ್ಟರು ಫಕೀರವ್ವನನ್ನು ಮೂಲೆಗೆ ಸರಿಸಿ ಮುಂದಿನವರನ್ನು ಕರೆದಳು. ಫಕೀರವ್ವ ಗೋಡೆಗೆ ಒರಗಿ ಪಂಚಾಕ್ಷರಿ ಜಪಿಸುತ್ತ ಕೂತಳು. ಮಧ್ಯಾಹ್ನ ಒಂದಾಯಿತು. ಆಗ ಹೊರಗೆ ನೆರೆಮನೆಯವರ ಎತ್ತಿನ ಚಕ್ಕಡಿಯ ಸಪ್ಪಳ, ಜನರ ಗದ್ದಲ.

ಅಡಿವೆಪ್ಪ ಒಳಗೆ ಬಂದ. ತಲೆಯ ಮೇಲೆ ಒಲೆಯ ಮೂರು ಕಲ್ಲು. ಇಳಿಸಿ ಮತ್ತೆ ಹೋದ. ನೀರು ತುಂಬಿದ ಕೊಡ ತಂದ. ಅದರ ಕೊರಳಿಗೆ ಹಗ್ಗ ಕಟ್ಟಿತ್ತು. ರೊಟ್ಟಿಯ ಬುಟ್ಟಿ ತಂದ. ತನ್ನ ತಾಟು ತಂದ. ಮನೆಯಲ್ಲಿ ಯಾವುದು ಯಾವ ಜಾಗದಲ್ಲಿತ್ತೋ ಅಷ್ಟಷ್ಟೇ ದೂರದಲ್ಲಿ ಹೆಜ್ಜೆ ಅಳೆದು ಇಟ್ಟ. ಕಡೆಗೆ ಮೊಳದಗಲದ ಒಂದು ಕಟ್ಟಿಗೆಯ ತೊಲೆ ತಂದು ನಟ್ಟನಡುವೆ ಹಾಕಿದ. ಅದರ ಮೇಲೆ ಅರಿಸಿನ, ಕುಂಕುಮ ಇನ್ನೂ ಹಸಿಯಾಗಿತ್ತು.

"ಅಯ್ಯಯ್ಯೋ! ಹೊಸ್ತಿಲಾ ಕಿತ್ತು ತಂದ್ಯೇನೋ ಪಾಪಿ!"

"ಮನಿಯಾಗ ಹೆಂಗ ಮಾಡ್ತಾಳ ತೋರಸು ಅಂದ್ರಬೇ. ಮನಿ ಇಲ್ಲದ ಹೆಂಗ ತೋರಸಲಿ? ಗ್ವಾಡಿ ಚಕ್ಕಡ್ಯಾಗ ಹಿಡೀಲಿಲ್ಲ!"

ಬಾಗಿಲಲ್ಲಿ ನೆರೆದವರು ಬಿದ್ದು ಬಿದ್ದು ನಕ್ಕರು. ಸಿಸ್ಟರು ಬೈಯಲು ಬಾಯಿ ತೆರೆದಳು. ಅಡಿವೆಪ್ಪ ಅದಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಹೊಸ್ತಿಲಿನ ಆಚೆ ಚಕ್ಕಳಮಕ್ಕಳ ಹಾಕಿ ಕೂತ. ಹೊತ್ತಿಗೆ ಸರಿಯಾಗಿ ಅವನಿಗೆ ಹಸಿವಾಗುತ್ತಿತ್ತು.

"ಯವ್ವಾ, ಹಸಿವ್ಯಾಗೇತಿ" ಅಂದ.

ಅಷ್ಟೇ. ಫಕೀರವ್ವನಿಗೆ ದವಾಖಾನೆ ಮರೆತುಹೋಯಿತು, ಡಾಕ್ಟರು ಮರೆತುಹೋದರು. ಅಂಗೈ ಊರಿ ಹೊರಟಳು. ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ತಾಟಿಗೆ ಹಾಕಿದಳು. ಕೊಡದ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿದಳು. ತಾಟನ್ನು ಒಂದು ಗೇಣು ಮುಂದಕ್ಕೆ ನೂಕುವಳು, ಮೈಯನ್ನು ಒಂದು ಗೇಣು ಎಳೆಯುವಳು, ಕತ್ತು ಮುಂದಕ್ಕೆ ಜಗ್ಗಿ ಕೊಡವನ್ನು ಒಂದು ಗೇಣು ಎಳೆಯುವಳು. ಮತ್ತೆ ತಾಟು, ಮತ್ತೆ ಮೈ, ಮತ್ತೆ ಕೊಡ. ಹೊಸ್ತಿಲು ಬಂತು. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಂದು ಕಾಲನ್ನು ಕೈಯಿಂದ ಎತ್ತಿ ಆಚೆ ಇಟ್ಟಳು, ನಿದ್ದೆ ಹೋದ ಕೂಸನ್ನು ಎತ್ತಿ ಮಲಗಿಸಿದ ಹಾಗೆ. ಇನ್ನೊಂದನ್ನೂ ಇಟ್ಟಳು. ಆಮೇಲೆ ಎರಡೂ ಮುಷ್ಟಿಯ ಮೇಲೆ ಇಡೀ ದೇಹ ಎತ್ತಿದಳು. ಕತ್ತಿನ ನರ ಹಗ್ಗದಂತೆ ಉಬ್ಬಿತು. ದಾಟಿದಳು. ಹಗ್ಗವನ್ನು ಬಾಯಿಂದ ಬಿಟ್ಟು, ತಿರುಗಿ ತಾಟು, ಕೊಡ ಎರಡನ್ನೂ ಎತ್ತಿ ಈಚೆ ಇಟ್ಟುಕೊಂಡಳು. ತಾಟನ್ನು ಮಗನ ಮುಂದೆ ಸರಿಸಿ, "ಉಣ್ಣಪ್ಪಾ" ಅಂದಳು. ನೀರು ಒಂದು ಹನಿ ಚೆಲ್ಲಿರಲಿಲ್ಲ.

ನಗುತ್ತಿದ್ದವರ ನಗು ಯಾವಾಗ ನಿಂತಿತೋ ಯಾರಿಗೂ ಗೊತ್ತಿಲ್ಲ. ಬಾಗಿಲಲ್ಲಿದ್ದ ಒಬ್ಬ ಮುದುಕ ತಲೆಯ ಪಟಗ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಗುಡಿಯೊಳಗೆ ನಿಂತವರ ಹಾಗೆ. ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ಆರು ಹೆಜ್ಜೆಯ ದಾರಿ, ಇಪ್ಪತ್ತು ನಿಮಿಷ.

"ದಿನಾ ಎಷ್ಟ ಸಲ ಹಿಂಗ, ಯವ್ವಾ?" ದನಿ ಸಣ್ಣದಾಗಿತ್ತು.

ಫಕೀರವ್ವ ತಲೆ ತಗ್ಗಿಸಿದಳು. "ಎಣಿಸಿಲ್ರೀ" ಅಂದಳು.

ಡಾಕ್ಟರು ಬರೆದಿದ್ದ ಹಾಳೆಯನ್ನು ಹರಿದು ಹಾಕಿದರು. ಹೊಸ ಹಾಳೆ ತೆಗೆದು ಹೊಸದಾಗಿ ಬರೆದರು: ಅಂಗವಿಕಲತೆ ನೂರಕ್ಕೆ ತೊಂಬತ್ತು, ಶಾಶ್ವತ, ಈಕೆಯನ್ನು ಮತ್ತೆ ಪರೀಕ್ಷೆಗೆ ಕರೆಯತಕ್ಕದ್ದಲ್ಲ. ಸಹಿ ಮಾಡಿ, ಸಿಕ್ಕೆ ಒತ್ತಿ, ಎರಡೂ ಕೈಯಿಂದ ಆಕೆಯ ಉಡಿಗೆ ಹಾಕಿದರು. ಫಕೀರವ್ವ ಅದನ್ನು ಹೊಸ್ತಿಲಿಗೆ ಮುಟ್ಟಿಸಿ ಅತ್ತಳು.

ಸಿಸ್ಟರ ಕಣ್ಣಲ್ಲೂ ನೀರು. ಆದರೆ ಹೊರಗೆ ಇನ್ನೂ ಇಪ್ಪತ್ತು ಮಂದಿ! ಮೂಗು ಒರೆಸಿಕೊಂಡು ಅಡಿವೆಪ್ಪನಿಗೆ ಅಂದಳು: "ಸಾಕಿನ್ನ, ಈ ಖೋಲಿ ಖಾಲಿ ಮಾಡು. ಎಲ್ಲಾ ಚಕ್ಕಡ್ಯಾಗ ಹಾಕು. ಒಂದೂ ಬಿಡಬ್ಯಾಡ, ನೋಡು!"

"ಹೂಂ" ಅಂದ ಅಡಿವೆಪ್ಪ.

ಅವ್ವನನ್ನು ಹೊತ್ತು ಚಕ್ಕಡಿಯಲ್ಲಿ ಕೂರಿಸಿದ. ಹೊಸ್ತಿಲು ಹೊತ್ತ, ಒಲೆಕಲ್ಲು ಹೊತ್ತ, ಕೊಡ ಹೊತ್ತ. ತೂಕದ ಯಂತ್ರ ಹೊತ್ತ. ಔಷಧಿಯ ಕಪಾಟು ಹೊತ್ತ. ಗಡಿಯಾರ ಇಳಿಸಿ ಕೊರಳಿಗೆ ಹಾಕಿಕೊಂಡ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರಿಗೆ ಏನು ನಡೆಯುತ್ತಿದೆ ಎಂದು ಕಾಣುವಷ್ಟರಲ್ಲಿ ಕುರ್ಚಿಯ ಸಮೇತ ಅವರನ್ನೂ ಎತ್ತಿದ, ಒಯ್ದು ಫಕೀರವ್ವನ ಪಕ್ಕದಲ್ಲಿ ಇಳಿಸಿದ.

"ಅಯ್ಯೋ ಶಿವನೇ! ದೇವರಂಥಾ ಮನಷ್ಯಾನ್ನ ಹೊತ್ಕೊಂಡ ಬಂದೆಲ್ಲೋ!" ಎಂದು ಫಕೀರವ್ವ ಚೀರಿದಳು.

ಅಡಿವೆಪ್ಪ ಆಗಲೇ ತಿರುಗಿ ಒಳಗೆ ಹೋಗಿದ್ದ. ಬರಿದಾದ ಖೋಲಿಯಲ್ಲಿ ನಿಂತು ನಾಲ್ಕೂ ಮೂಲೆ ನೋಡಿದ. ಆಮೇಲೆ ಎರಡೂ ತೋಳು ಚಾಚಿ ಭಕ್ತಿಯಿಂದ ಮುಂದೆ ಬಂದ.

"ಅಕ್ಕಾರ, ಒಂದೂ ಬಿಡಬ್ಯಾಡ ಅಂದಿದ್ರಿ. ಇನ್ನ ನೀವೊಬ್ಬರ ಉಳದೀರಿ ನೋಡ್ರಿ!"