ಅರಿಶಿನ ಹಚ್ಚದ ಕಾರ್ಡು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಗಂಡಸನ್ನೇ ಪ್ರೀತಿಸುವ ಯುವಕನೊಬ್ಬ ಇವತ್ತು ನನ್ನ ಹತ್ತಿರ ಬಂದಿದ್ದ. ಎಚ್‌ಐವಿ ತಗಲದ ಹಾಗೆ ಸಂಗಾತಿಯ ಜೊತೆ ಬಾಳುವುದು ಹೇಗೆ ಎಂದು ಕೇಳಿದ. ಹೇಳಿಕೊಟ್ಟರೆ ನಾನೇ ಕುಮ್ಮಕ್ಕು ಕೊಟ್ಟಂತಾಗುವುದಿಲ್ಲವೇ? ಯೋಚಿಸಿ ಹೇಳುತ್ತೇನೆಂದು ಕಳುಹಿಸಿಬಿಟ್ಟೆ."

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಒಳ್ಳೆಯವನೇ. ಮದುವೆ ಗೊತ್ತಾದವರು ಮೂಲೆಗೆ ಅರಿಶಿನ ಹಚ್ಚಿದ ಕಾರ್ಡನ್ನು ಮೊದಲು ಅವನಿಗೆ ಕೊಡುವುದು ಆ ಊರಿನ ಪದ್ಧತಿ. ಕಾರ್ಡು ತಂದವರನ್ನು ಅವನು ಒಳಕೋಣೆಗೆ ಕರೆದು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಒಲ್ಲೆ ಎಂದವರನ್ನು ಮುಟ್ಟಬಾರದು, ಕಾಂಡೋಮ್ ಏಕೆ ಬೇಕು, ರಕ್ತ ಪರೀಕ್ಷೆ ಯಾವಾಗ ಮಾಡಿಸಬೇಕು, ಯಾವುದನ್ನೂ ಬಿಡುತ್ತಿರಲಿಲ್ಲ.

ಒಂದು ದಿನ ಒಬ್ಬ ನೇಕಾರ ಬರಿಗೈಯಲ್ಲಿ ಬಂದ. ಇಪ್ಪತ್ತೆರಡು ವರ್ಷದವನು.

"ನನಗೂ ಅದನ್ನೆಲ್ಲ ಹೇಳಿಕೊಡಿ, ವೈದ್ಯರೇ."

"ಕಾರ್ಡೆಲ್ಲಿ? ಹುಡುಗಿ ಯಾವ ಊರಿನವಳು?"

"ಹುಡುಗಿಯಲ್ಲ. ನನ್ನಂಥವನೇ ಒಬ್ಬ. ನಮಗೆ ಯಾರು ಕಾರ್ಡು ಮಾಡಿಸುತ್ತಾರೆ?"

"ಹಾಗಾದರೆ ಕಾರ್ಡು ಆದ ಮೇಲೆ ಬಾ" ಎಂದು ವೈದ್ಯ ನಕ್ಕ.

ಬೈದಿದ್ದರೆ ಅವನು ಇನ್ನೊಬ್ಬರನ್ನಾದರೂ ಕೇಳುತ್ತಿದ್ದನೇನೋ. ಆ ನಗುವಿಗೆ ಕುಗ್ಗಿಹೋದ. ಮತ್ತೆ ಯಾರನ್ನೂ ಕೇಳಲಿಲ್ಲ.

ಕೆಲವು ವರ್ಷ ಕಳೆದವು. ಅವನ ಸಂಗಾತಿಗೆ ಜ್ವರ ಬಂತು, ಬಿಡಲಿಲ್ಲ. ಮೈ ಇಳಿಯಿತು. ಆಸ್ಪತ್ರೆಗೆ ಹೋದರೆ ಯಾರ ಜೊತೆ ಇದ್ದೆ ಎಂದು ಕೇಳುತ್ತಾರೆಂದು ಇಬ್ಬರೂ ಹೆದರಿದರು. ಕೊನೆಗೆ ಹೋದಾಗ ತಡವಾಗಿತ್ತು.

ಸಂಗಾತಿ ತೀರಿಕೊಂಡ ಹನ್ನೊಂದನೆಯ ದಿನ ನೇಕಾರ ವೈದ್ಯನ ಮನೆಗೆ ಬಂದು ಮೇಜಿನ ಮೇಲೆ ಒಂದು ಕಾರ್ಡು ಇಟ್ಟ. ಅದು ಉತ್ತರಕ್ರಿಯೆಯ ಕಾರ್ಡು. ಅರಿಶಿನವಿರಲಿಲ್ಲ. ಕೆಳಗೆ ದುಃಖತಪ್ತರೆಂದು ಒಂಬತ್ತು ಹೆಸರುಗಳಿದ್ದವು. ಅವುಗಳಲ್ಲಿ ಅವನ ಹೆಸರು ಇರಲಿಲ್ಲ.

"ಕಾರ್ಡು ತಂದಿದ್ದೇನೆ. ಈಗ ಹೇಳಿ" ಎಂದ.

ವೈದ್ಯನೇ ಜೊತೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದ. ನೇಕಾರನಿಗೂ ಎಚ್‌ಐವಿ ತಗಲಿತ್ತು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಸಕಾಲಕ್ಕೆ ಸಿಕ್ಕಿದ್ದರೆ ಆ ಮಾತ್ರೆ ಅವನ ಸಂಗಾತಿಯನ್ನೂ ಉಳಿಸುತ್ತಿತ್ತು. ನೇಕಾರ ಈಗಲೂ ಮಗ್ಗದ ಮುಂದೆ ಕೂರುತ್ತಾನೆ, ಒಂದು ದಿನವೂ ಮಾತ್ರೆ ತಪ್ಪಿಸುವುದಿಲ್ಲ. ಎಲ್ಲರಷ್ಟೇ ಕಾಲ ಬಾಳುತ್ತಾನೆ. ಒಬ್ಬನೇ ಬಾಳಬೇಕು, ಅಷ್ಟೇ.

ಶಿಷ್ಯನ ಕಣ್ಣು ತುಂಬಿತ್ತು. "ಆ ವೈದ್ಯ ಎಂಥ ಕಲ್ಲೆದೆಯವನು, ಗುರುಗಳೇ!" ಎಂದ.

ಗುರು ಕೇಳಿದರು: "ನೀನು ಕಳುಹಿಸಿಬಿಟ್ಟೆಯಲ್ಲ, ಆ ಯುವಕನ ಮನೆ ಎಲ್ಲಿದೆ ಎಂದಾದರೂ ಕೇಳಿಕೊಂಡೆಯಾ?"