ಇಸ್ಪೀಟ್ ಎಕ್ಕದ ಬೆನ್ನು

ಕಪಿಲೆಯ ದಡದ ಆ ಆಶ್ರಮದಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಇಸ್ಪೀಟು ಆಡುತ್ತಿದ್ದರು.

ಹೊಸದಾಗಿ ಬಂದವರು ಕಂಡು ಬೆಚ್ಚುತ್ತಿದ್ದರು. ಒಬ್ಬರು ಕೇಳಿಯೇ ಬಿಟ್ಟರು: "ಗುರುಗಳೇ, ಭಜನೆ ಮಾಡುವ ಜಾಗದಲ್ಲಿ ಇದೇನು?"

ಗುರು ಮರುಳಯ್ಯನವರು ಎಲೆ ಕಲಸುತ್ತಲೇ ಹೇಳಿದರು: "ಭಜನೆಯಲ್ಲಿ ಎಲ್ಲರ ಮುಖವೂ ಒಂದೇ ಥರ ಇರುತ್ತಪ್ಪ. ಮನುಷ್ಯರನ್ನು ನೋಡಬೇಕು ಅನ್ನಿಸಿದಾಗ ಇದನ್ನು ಹಾಕಿಕೊಂಡು ಕೂರ್ತೀವಿ."

ಆ ಕಟ್ಟು ಆಶ್ರಮಕ್ಕೆ ಬಂದದ್ದು ಒಬ್ಬ ವಕೀಲನಿಂದ. ಕ್ಲಬ್ಬಿನಲ್ಲಿ ಆಡಿ ಆಡಿ ಮನೆಯ ನೆಮ್ಮದಿ ಕಳೆದುಕೊಂಡಿದ್ದ ಆತ ನೀಲಿ ಬೆನ್ನಿನ ಐವತ್ತೆರಡು ಎಲೆಗಳನ್ನು ಗುರುಗಳ ಕಾಲ ಬಳಿ ಇಟ್ಟು, "ಇನ್ನು ಮುಟ್ಟೋದಿಲ್ಲ" ಎಂದ.

"ಒಳ್ಳೇದು. ಹೋಗೋ ಮುಂಚೆ ನಮಗೆ ಹೇಳಿಕೊಟ್ಟು ಹೋಗು" ಎಂದರು ಗುರುಗಳು.

ವಕೀಲ ಮೂರು ದಿನ ಇದ್ದು ಪೋಕರ್ ಕಲಿಸಿದ. ಮನೆಗೆ ಹೋದವನು ಮತ್ತೆ ಮುಟ್ಟಲಿಲ್ಲ. ಇಲ್ಲಿಯವರು ಬಿಡಲಿಲ್ಲ.

ಹಾಸಲು ಯಾವುದೋ ಸನ್ಮಾನದಲ್ಲಿ ಹೊದಿಸಿದ್ದ ಹಸಿರು ಶಾಲು. ಪಣಕ್ಕೆ ದುಡ್ಡಿಲ್ಲ, ಬೀಜ: ಗುಲಗಂಜಿ, ಹುಣಸೆ, ಹೊಂಗೆ. ಗುಲಗಂಜಿ ಕಿರಿಯದು, ಹೊಂಗೆ ಹಿರಿಯದು. ಎಲೆ ಹಂಚುವ ಸರದಿ ಯಾರದೋ ಅವರ ಮುಂದೆ ಕುಂಕುಮದ ಭರಣಿಯ ಹಿತ್ತಾಳೆ ಮುಚ್ಚಳ. ಆಟ ಮುಗಿದ ಮೇಲೆ ಎಲ್ಲ ಬೀಜವೂ ಒಂದೇ ಡಬ್ಬಿಗೆ. ನಿನ್ನೆ ಗೆದ್ದವನಿಗೆ ಇಂದು ಏನೂ ಉಳಿಯುತ್ತಿರಲಿಲ್ಲ.

ಆಟ ಸರಳ. ಎಲ್ಲರೂ ಮೊದಲು ನಡುವೆ ಒಂದು ಗುಲಗಂಜಿ ಹಾಕಬೇಕು. "ಬೀಜ ಹಾಕದವನಿಗೆ ಎಲೆಯಿಲ್ಲ" ಎನ್ನುವುದು ಗುರುಗಳ ಮಾತು. ಒಬ್ಬೊಬ್ಬರಿಗೂ ಐದು ಎಲೆ. ಬೇಡವಾದದ್ದನ್ನು ಒಮ್ಮೆ ಬದಲಾಯಿಸಿಕೊಳ್ಳಬಹುದು. ಕೈ ಚೆನ್ನಾಗಿದ್ದರೆ ಇನ್ನಷ್ಟು ಬೀಜ ಹಾಕುವುದು, ಇಲ್ಲವಾದರೆ ಎಲೆ ಮಡಚಿ ಸುಮ್ಮನಾಗುವುದು. ಏನೂ ಇಲ್ಲದವನು ಎಲ್ಲ ಇರುವವನ ಹಾಗೆ ಬೀಜ ಸುರಿದು ಉಳಿದವರನ್ನು ಹೆದರಿಸಿ ಗೆಲ್ಲಲೂಬಹುದು. ಸೊಗಸೆಲ್ಲ ಅಲ್ಲೇ.

ಆಡುವವರು ನಾಲ್ಕು ಜನ. ಗುರುಗಳು. ಅಡುಗೆಮನೆಯ ಹೊಂಬಾಳಮ್ಮ. ಹೊಳೆ ದಾಟಿಸುವ ದೋಣಿ ಖಾದರ್. ಮತ್ತು ಶಿಷ್ಯೆ ಅಂಬುಜಾಕ್ಷಿ.

ಅಂಬುಜಾಕ್ಷಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಅವಳ ಬಳಿ ಒಂದು ನೋಟ್‌ಬುಕ್ ಇತ್ತು. ಪ್ರತಿದಿನದ ಆಟವನ್ನು ತಾರೀಖು ಹಾಕಿ ಬರೆಯುತ್ತಿದ್ದಳು.

"ಹೊಂಬಾಳಮ್ಮ: ಒಳ್ಳೆಯ ಎಲೆ ಬಂದರೆ ಮೂಗುತಿ ಮುಟ್ಟಿಕೊಳ್ಳುತ್ತಾರೆ.

ಗುರುಗಳು: ಮುಖ ನೋಡಿದರೆ ಏನೂ ತಿಳಿಯುವುದಿಲ್ಲ.

ಖಾದರ್: ಪುಕ್ಕಲ. ನಾನು ಬೀಜ ಏರಿಸುವ ಮೊದಲೇ ಎಲೆ ಮಡಚುತ್ತಾರೆ."

ಬೇರೆಯವರಿಗಿಂತ ಅವಳು ಹೆಚ್ಚು ಗೆಲ್ಲುತ್ತಿದ್ದಳು.

"ಅದು ಹೆಂಗೆ ಗೊತ್ತಾಗ್ತದೆ ಮೇಡಂ, ನಮ್ಮ ಕೈಯಲ್ಲಿ ಏನೈತೆ ಅಂತ?" ಎಂದು ಖಾದರ್ ಆಗಾಗ ಕೇಳುತ್ತಿದ್ದ.

"ಲೆಕ್ಕ" ಎನ್ನುತ್ತಿದ್ದಳು ಅಂಬುಜಾಕ್ಷಿ. ಪ್ರತಿ ಸಲವೂ ಆ ಮಾತನ್ನು ಅವಳು ಖಾದರನ ಮುಖ ನೋಡದೆ ಹೇಳುತ್ತಿದ್ದಳು.

ಏಕೆಂದರೆ ನೋಟ್‌ಬುಕ್ಕಿನಲ್ಲಿ ಬರೆಯದ ಸಂಗತಿ ಒಂದಿತ್ತು.

ಎರಡು ವರ್ಷದ ಹಿಂದೆ, ಯುಗಾದಿಯ ದಿನ, ಚಿತ್ರಾನ್ನ ತಿಂದ ಕೈಯನ್ನು ಸರಿಯಾಗಿ ತೊಳೆಯದೆ ಅವಳು ಆಟಕ್ಕೆ ಕೂತಿದ್ದಳು. ಒಂದು ಎಲೆಯ ಬೆನ್ನಿನ ಬಿಳಿ ಅಂಚಿಗೆ ಅರಿಶಿನ ಮೆತ್ತಿತು. ಸಾಸಿವೆಯಷ್ಟು. ತಿರುಗಿಸಿ ನೋಡಿದರೆ ಇಸ್ಪೀಟ್ ಎಕ್ಕ. ಇಡೀ ಕಟ್ಟಿನಲ್ಲಿ ಅದಕ್ಕಿಂತ ದೊಡ್ಡ ಎಲೆಯಿಲ್ಲ.

ಆಗಲೇ ಹೇಳಬೇಕಿತ್ತು. ಈ ಆಟ ಮುಗಿಯಲಿ, ಹೇಳುತ್ತೇನೆ ಎಂದುಕೊಂಡಳು. ಮುಂದಿನ ಆಟದಲ್ಲಿ ಆ ಹಳದಿ ಚುಕ್ಕೆ ಖಾದರನ ಕೈಯಲ್ಲಿ ಕಂಡಿತು. ಅವಳು ತನ್ನ ಎಲೆ ಮಡಚಿ ಸೋಲು ತಪ್ಪಿಸಿಕೊಂಡಳು. ಆಮೇಲೆ ಹೇಳುವುದು ಕಷ್ಟವಾಯಿತು. ಮರುದಿನ ಇನ್ನೂ ಕಷ್ಟವಾಯಿತು. ಎರಡು ವರ್ಷವಾಗುವ ಹೊತ್ತಿಗೆ ಅಸಾಧ್ಯವಾಗಿತ್ತು.

ಹೀಗಿರಲು ಒಂದು ಗುರುವಾರ ಗುರುಗಳು ಅವಳನ್ನು ಕರೆದರು.

ಆಶ್ರಮದ ಅಂಗಳದಲ್ಲಿ ಒಂದು ಅತ್ತಿಮರ, ಅದರ ಕೆಳಗೆ ಒಂದು ಚಾಪೆ. ಪ್ರತಿ ಸೋಮವಾರ ಬೆಳಿಗ್ಗೆ ಗುರುಗಳು ಅಲ್ಲಿ ಕೂರುತ್ತಿದ್ದರು. ಯಾರಿಗೂ ಹೇಳಿಕೊಳ್ಳಲಾಗದ ಸಂಕಟ ಇದ್ದವರು ಬಂದು ಎದುರಿಗೆ ಕೂತು ಹೇಳಿಕೊಂಡು ಹೋಗುತ್ತಿದ್ದರು. ಆದರೆ ಗುರುಗಳ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಹೊರಟು ನಿಂತಿತ್ತು.

"ಬರುವ ಸೋಮವಾರದಿಂದ ಆ ಚಾಪೆ ನಿನ್ನದು" ಎಂದರು.

"ನನ್ನದೇ? ಯಾಕೆ ಗುರುಗಳೇ?"

"ಎದುರಿಗೆ ಕೂತವರ ಕೈಯಲ್ಲಿ ಏನಿದೆ ಅಂತ ನಿನಗೆ ತಿಳಿಯುತ್ತಂತಲ್ಲ. ಖಾದರ್ ಹೇಳ್ತಾನೆ."

ಅಂಬುಜಾಕ್ಷಿ ತಲೆ ತಗ್ಗಿಸಿ ನಮಸ್ಕಾರ ಮಾಡಿದಳು. ವಿನಯ ಅಂತ ನೋಡಿದವರು ಅಂದುಕೊಂಡರು.

ಶುಕ್ರವಾರ ಅವಳಿಗೆ ಊಟ ಸೇರಲಿಲ್ಲ. ಜನ ನಂಬಿ ಬರುವ ಜಾಗ ಅದು. ಮೋಸದಿಂದ ಸಿಕ್ಕ ಹೆಸರನ್ನು ಹೊತ್ತು ಅಲ್ಲಿ ಕೂರುವುದು ಹೇಗೆ? ಹೇಳಿದರೆ ಚಾಪೆಯೂ ಹೋಗುತ್ತದೆ, ಆಶ್ರಮವೂ ಹೋಗುತ್ತದೆ. ಅವಳಿಗೆ ಬೇರೆ ಮನೆ ಎಂದು ಇರಲಿಲ್ಲ. ಹೇಳದಿದ್ದರೆ ಎದುರಿಗೆ ಕೂತು ಅಳುವ ಪ್ರತಿಯೊಬ್ಬರಿಗೂ ಅವಳು ಸುಳ್ಳು ಹೇಳಿದಂತೆ.

ಮೂರನೆಯ ದಾರಿ ಒಂದು ಹೊಳೆಯಿತು. ಆ ಚುಕ್ಕೆಯನ್ನೇ ಅಳಿಸಿಬಿಟ್ಟರೆ? ಇನ್ನು ಮುಂದಾದರೂ ಆಟ ಶುದ್ಧವಾಗುತ್ತದೆ. ಹಿಂದಿನದನ್ನು ಯಾರು ಕೆದಕುತ್ತಾರೆ?

ಭಾನುವಾರ ಬೆಳಿಗ್ಗೆ, ಎಲ್ಲರೂ ಪೂಜೆಯಲ್ಲಿದ್ದಾಗ, ಅವಳು ಎಕ್ಕವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಹಿತ್ತಿಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೋಪು ಇತ್ತು. ಒದ್ದೆ ಬೆರಳಿಗೆ ತುಸು ಸೋಪು ಹಚ್ಚಿ ಚುಕ್ಕೆಯ ಮೇಲೆ ಉಜ್ಜಿದಳು.

ಚುಕ್ಕೆ ಕೆಂಪಾಯಿತು.

ಇನ್ನೊಮ್ಮೆ ಉಜ್ಜಿದಳು. ಇನ್ನೂ ಕೆಂಪಾಯಿತು, ಹರಡಿತು. ಸಾಸಿವೆಯಷ್ಟಿದ್ದದ್ದು ಹೆಸರುಕಾಳಿನಷ್ಟಾಯಿತು.

ಎಷ್ಟು ಆರತಿಗಳಿಗೆ ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಓಕುಳಿ ಮಾಡಿದ್ದಳೋ ಅವಳು. ಅರಿಶಿನದ ಕಲೆಗೆ ಸೋಪು ತಾಗಿದರೂ ಅದೇ ಬಣ್ಣ. ಶಾಲೆಯ ಮೆಟ್ಟಿಲು ಹತ್ತದ ಹೊಂಬಾಳಮ್ಮನಿಗೂ ಗೊತ್ತಿದ್ದ ಸಂಗತಿ ಅದು. ಗಾಬರಿಯಲ್ಲಿ ಎಂ.ಎಸ್ಸಿ. ಪದವಿ ಕೆಲಸಕ್ಕೆ ಬರಲಿಲ್ಲ.

ಮಧ್ಯಾಹ್ನ ಹಸಿರು ಶಾಲು ಹಾಸಿದರು. ಹೊಂಬಾಳಮ್ಮನ ಮುಂದೆ ಹಿತ್ತಾಳೆ ಮುಚ್ಚಳ. ನಾಲ್ಕು ಗುಲಗಂಜಿ ನಡುವೆ ಬಿದ್ದವು.

"ನಾಳೆಯಿಂದ ನಮ್ಮ ಕಾಲೇಜು ಮೇಡಂ ದೊಡ್ಡವರಾಗಿಬಿಡ್ತಾರೆ" ಎಂದಳು ಹೊಂಬಾಳಮ್ಮ, ಎಲೆ ಹಂಚುತ್ತ. "ಇವತ್ತೇ ಗೆದ್ದುಬಿಡು ಖಾದರ್. ನಾಳೆ ಸೋತರೆ ಪುಣ್ಯ ಅಂದ್ಕೋಬೇಕಾಗ್ತದೆ."

"ಪುಣ್ಯ ಡಬ್ಬಿ ತುಂಬ ಐತೆ. ಒಂದು ಒಳ್ಳೆ ಎಲೆ ಕೊಡವ್ವ" ಎಂದ ಖಾದರ್.

ಅಂಬುಜಾಕ್ಷಿಯ ಕಣ್ಣು ಹೊಂಬಾಳಮ್ಮನ ಕೈಯ ಮೇಲೆಯೇ ಇತ್ತು. ಕೆಂಪು ಚುಕ್ಕೆ ಯಾರ ಮುಂದೆ ಬೀಳುತ್ತದೋ, ಅವರು ನೋಡಿ ಕೇಳುತ್ತಾರೋ.

ಅದು ಅವಳ ಮುಂದೆಯೇ ಬಿತ್ತು.

ಸರಕ್ಕನೆ ಐದೂ ಎಲೆಯನ್ನು ಎತ್ತಿಕೊಂಡಳು. ಎಕ್ಕ ಅವಳ ಕಡೆ ಮುಖ ಮಾಡಿ ನಿಂತಿತು. ಕಪ್ಪಗೆ, ಶುಭ್ರವಾಗಿ. ಚುಕ್ಕೆ ಮುಚ್ಚಬೇಕಲ್ಲ ಎಂದು ಅವಳು ಹೆಬ್ಬೆರಳನ್ನು ಅತ್ತಿತ್ತ ಸರಿಸಿದಳು. ಹೆಬ್ಬೆರಳು ಇದ್ದದ್ದು ಮುಖದ ಮೇಲೆ. ಚುಕ್ಕೆ ಇದ್ದದ್ದು ಬೆನ್ನ ಮೇಲೆ.

ಬೆನ್ನು ಇದ್ದದ್ದು ಹೊಂಬಾಳಮ್ಮನ ಕಡೆಗೆ.



ಎರಡು ವರ್ಷ ಅವಳು ಆ ಚುಕ್ಕೆಯನ್ನು ಬೇರೆಯವರ ಕೈಯಲ್ಲಿ ಹುಡುಕಿದ್ದಳು. ತನ್ನ ಕೈಗೆ ಬಂದಾಗ ಹಿಗ್ಗಿದ್ದಳು. ತಾನು ಎಕ್ಕ ಹಿಡಿದು ಕೂತಾಗ ಆ ಚುಕ್ಕೆ ಯಾರಿಗೆ ಕಾಣುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಪಕ್ಕದಲ್ಲಿ ಖಾದರ್ ಎಲೆ ಮಡಚಿ ಕೆಳಗಿಟ್ಟ. "ನಂದಾಯ್ತು" ಎಂದ. ಇನ್ನೂ ಯಾರೂ ಒಂದು ಬೀಜವನ್ನೂ ಏರಿಸಿರಲಿಲ್ಲ.

'ಪುಕ್ಕಲ' ಎಂದು ಅವಳು ಎಷ್ಟು ಸಲ ಬರೆದಿದ್ದಳು.

ಅವಳು ಐದೂ ಎಲೆಯನ್ನು ಶಾಲಿನ ಮೇಲೆ ಇಟ್ಟು, ಎಕ್ಕವನ್ನು ಬೇರೆ ಮಾಡಿ, ಬೆನ್ನು ಮೇಲಾಗಿ ಗುರುಗಳ ಮುಂದೆ ಸರಿಸಿದಳು.

"ಇದಕ್ಕೆ ಗುರುತು ಇದೆ" ಎಂದಳು. ಗುರುಗಳಿಗೆ ಕೇಳಲೆಂದು ಗಟ್ಟಿಯಾಗಿಯೇ ಹೇಳಬೇಕಾಯಿತು. "ಎರಡು ವರ್ಷದಿಂದ ಇದೆ. ನನ್ನಿಂದಲೇ ಆದದ್ದು. ಲೆಕ್ಕ ಅಂತ ಹೇಳಿದ್ದು ಸುಳ್ಳು. ಇವತ್ತು ಬೆಳಿಗ್ಗೆ ಅಳಿಸೋಕೆ ಹೋಗಿ ಹೀಗಾಯಿತು. ಚಾಪೆ ಬೇರೆಯವರಿಗೆ ಕೊಡಿ. ನಾನು ನಾಳೆ ಹೊರಡ್ತೀನಿ."



ಹೊಂಬಾಳಮ್ಮ ಬಗ್ಗಿ ಚುಕ್ಕೆ ನೋಡಿದಳು. "ಸೋಪು ಹಾಕ್ದೆಯಾ?"

"ಹೂಂ."

"ಥೂ. ನಿಂಬೆಹಣ್ಣು ಹಾಕಬೇಕಿತ್ತು."

ಖಾದರ್ ನಗು ತಡೆಯಲು ಕೆಮ್ಮಿದ.

"ನಿಮಗೆ ಗೊತ್ತಿತ್ತಾ?" ಎಂದಳು ಅಂಬುಜಾಕ್ಷಿ.

"ಯುಗಾದಿ ಚಿತ್ರಾನ್ನ" ಎಂದಳು ಹೊಂಬಾಳಮ್ಮ. "ಆವತ್ತು ಅರಿಶಿನ ಜಾಸ್ತಿಯಾಗಿತ್ತು. ನನ್ನ ಅಡುಗೆಯ ಬಣ್ಣ ನನಗೆ ಗೊತ್ತಾಗಲ್ವಾ? ಮೂರನೇ ದಿನಕ್ಕೇ ಕಂಡೆ."

"ನಾನು ಎರಡನೇ ದಿನ" ಎಂದ ಖಾದರ್. "ಆಚೆ ದಡದಲ್ಲಿ ಕೈ ಬೀಸೋರ ಮುಖ ಈ ದಡದಿಂದ ಗುರುತು ಹಿಡಿಯೋನು ನಾನು. ಪಕ್ಕದಲ್ಲಿರೋ ಚುಕ್ಕೆ ಕಾಣಲ್ವಾ?"

"ಹಾಗಾದರೆ ನಾನು ಗೆದ್ದದ್ದು?"

"ಅದು ನಿಮ್ಮ ಲೆಕ್ಕದಿಂದಲೇ ಮೇಡಂ. ಎಕ್ಕ ನಿಮ್ಮ ಕೈಗೆ ಬಂದಾಗೆಲ್ಲ ನಾನು ಮಡಚಿ ಕೂರ್ತಿದ್ದೆ, ಹೊಂಬಾಳವ್ವ ಮಡಚಿ ಕೂರ್ತಿದ್ದಳು, ಗುರುಗಳೂ ಅಷ್ಟೇ. ಆ ಎಕ್ಕದಿಂದ ನಿಮಗೆ ನಾಲ್ಕು ಗುಲಗಂಜಿ ಮೇಲೆ ಸಿಕ್ಕಿದ್ದೇ ಇಲ್ಲ."

ಅಂಬುಜಾಕ್ಷಿ ನೋಟ್‌ಬುಕ್ ತೆರೆದು ಹಾಳೆ ಹಿಂದಕ್ಕೆ ತಿರುವಿದಳು. ನಿಜ. ತಾರೀಖಿನ ಸಮೇತ ಎಲ್ಲವೂ ಅಲ್ಲೇ ಇತ್ತು. ಅವಳೇ ಬರೆದದ್ದು, ಅವಳೇ ಓದಿರಲಿಲ್ಲ.

ಮೊದಲು ಅವಳಿಗೆ ಅಳು ಬಂತು. ಅದು ಬರುವಾಗಲೇ ನಗುವೂ ಬಂತು. ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಎರಡು ವರ್ಷದಿಂದ ಎದೆಯ ಮೇಲಿದ್ದ ಒರಳುಕಲ್ಲನ್ನು ಯಾರೋ ಉರುಳಿಸಿಬಿಟ್ಟ ಹಾಗಾಗಿತ್ತು. ಹೊಳೆಯ ಸದ್ದು ಅಷ್ಟು ಹತ್ತಿರ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ?"

ಖಾದರ್ ಗುಲಗಂಜಿಯೊಂದನ್ನು ಬೆರಳ ನಡುವೆ ಉರುಳಿಸಿದ. "ದಿನಾ ಎಲೆ ಹಂಚೋ ಮುಂಚೆ ನೀವು ಬಾಯಿ ತೆರೀತಿದ್ರಿ, ಮತ್ತೆ ಮುಚ್ಚಿಕೊಳ್ತಿದ್ರಿ. ಹೇಳೋಕೆ ಹೊರಟಿದ್ದಾರೆ ಅಂತ ಕಾಣ್ತಿತ್ತು. ದೋಣಿ ಹತ್ತೋಕೆ ಒಂದು ಕಾಲು ಎತ್ತಿದವರನ್ನ ನಾವು ಎಳೆಯೋದಿಲ್ಲ ಮೇಡಂ. ನೀರಿಗೆ ಬೀಳ್ತಾರೆ."

ಅಂಬುಜಾಕ್ಷಿ ಪೆನ್ನು ತೆಗೆದು 'ಪುಕ್ಕಲ' ಎಂದಿದ್ದ ಕಡೆಯೆಲ್ಲ ಗೀಟು ಹಾಕತೊಡಗಿದಳು. ಬಹಳ ಕಡೆ ಇತ್ತು.

"ಏನದು, ನನ್ನ ಹೆಸರು ಹೊಡೆದು ಹಾಕ್ತಿದ್ದೀರಾ?" ಎಂದ ಖಾದರ್.

"ಇಲ್ಲ. ನನ್ನ ತಪ್ಪು ತಿದ್ದುತ್ತಿದ್ದೀನಿ."

ಇಷ್ಟು ಹೊತ್ತೂ ಗುರುಗಳು ಎಕ್ಕವನ್ನು ಕೈಯಲ್ಲಿ ಹಿಡಿದು ಮುಖ ಒಮ್ಮೆ, ಬೆನ್ನು ಒಮ್ಮೆ ತಿರುಗಿಸಿ ನೋಡುತ್ತಿದ್ದರು.

"ಗುರುಗಳೇ, ನಿಮಗೂ ಗೊತ್ತಿತ್ತಲ್ಲ. ಗೊತ್ತಿದ್ದೂ ಆ ಚಾಪೆ ನನಗೇಕೆ ಕೊಟ್ಟಿರಿ?"

"ಒಂದು ಎಲೆಯ ಗುಟ್ಟು ಬಚ್ಚಿಟ್ಟುಕೊಂಡು ಎರಡು ವರ್ಷ ಊಟ ಮಾಡಿದವರು ಇಲ್ಲಿ ಬೇರೆ ಯಾರಿದ್ದಾರೆ? ಅದರ ತೂಕ ನನಗೆ ಗೊತ್ತಿಲ್ಲ. ನಿನಗೆ ಗೊತ್ತು."

"ನಾನು ಇವತ್ತೂ ಹೇಳದೇ ಹೋಗಿದ್ದರೆ?"

"ಇನ್ನೊಂದು ಸೋಮವಾರ ಹೇಳ್ತಿದ್ದೆ. ಸೋಮವಾರಗಳಿಗೇನು ಬರವೇ?"

ಅಂಬುಜಾಕ್ಷಿ ನೋಟ್‌ಬುಕ್ ಮುಚ್ಚಿಟ್ಟಳು. ಆಮೇಲೆ ಕೇಳಿದಳು: "ಪೇಟೆಯಿಂದ ಹೊಸ ಕಟ್ಟು ತರಿಸಲೇ?"

"ಯಾಕೆ? ಅದಕ್ಕೂ ಅರಿಶಿನ ಹಚ್ಚಬೇಕೇ?" ಎಂದಳು ಹೊಂಬಾಳಮ್ಮ.

ಗುರುಗಳು ಎಕ್ಕವನ್ನು ಕಟ್ಟಿನೊಳಗೆ ಸೇರಿಸಿ ಕಲಸತೊಡಗಿದರು. ಮುದಿ ಕೈ, ಆದರೂ ಎಲೆಗಳು ಹರಿದುಬರುತ್ತಿದ್ದವು. ಹೊಂಬಾಳಮ್ಮ ಹಿತ್ತಾಳೆ ಮುಚ್ಚಳವನ್ನು ಅವರ ಮುಂದೆ ಸರಿಸಿದಳು.

"ಇನ್ನೊಂದು ಕೇಳಬೇಕು" ಎಂದಳು ಅಂಬುಜಾಕ್ಷಿ. "ನಾಳೆ ಬರುವವರು ಏನೋ ಹೇಳ್ತಾರೆ, ಇನ್ನೇನೋ ಮುಚ್ಚಿಡ್ತಾರೆ. ಮುಚ್ಚಿಟ್ಟದ್ದರ ಬೆನ್ನು ನನಗೆ ಕಂಡುಬಿಟ್ಟರೆ ಏನು ಮಾಡಲಿ?"

ಗುರುಗಳು ಕಟ್ಟನ್ನು ಶಾಲಿನ ಮೇಲಿಟ್ಟರು. ಡಬ್ಬಿಯಿಂದ ಒಂದು ಗುಲಗಂಜಿ ಹೆಕ್ಕಿ ಅವಳ ಅಂಗೈಯಲ್ಲಿ ಇಟ್ಟರು.

"ಅವರಾಗಿಯೇ ಎಲೆ ಇಳಿಸುವ ತನಕ, ಎದುರಿಗೆ ಕೂತು ನಿನ್ನ ಬೀಜ ಹಾಕುತ್ತಾ ಇರು."